ಸಾಲ್ಮನ್ ಸಾಕಾಣಿಕೆಯ ಮೇವು ಸುಸ್ಥಿರವೇ ಎಂದು ಪರಿಶೀಲಿಸುವ ಕ್ರಮ

ಸಾಕಿದ ಸಾಲ್ಮನ್ ಮೀನಿನ ಪರಿಸರ ಹೊರೆಯನ್ನು ಅಳೆಯಲು ಹೊರಟವರು ಮೊದಲು ನೋಡಬೇಕಾದದ್ದು ಅದಕ್ಕೆ ಹಾಕುವ ಮೇವನ್ನು. ನಾರ್ವೆಯ ಸಾಕಾಣಿಕೆಯನ್ನು ಕುರಿತ ಅಧ್ಯಯನಗಳ ಪ್ರಕಾರ, ಮೀನು ಸಾಕಣೆ ಕೇಂದ್ರದಿಂದ ಹೊರಬೀಳುವವರೆಗಿನ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಭಾಗ ಮೇವಿನದೇ ಆಗಿರುತ್ತದೆ. ಉತ್ಪಾದನಾ ವೆಚ್ಚದಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮೇವಿಗೇ ಹೋಗುತ್ತದೆ. ಆದ್ದರಿಂದ ಮೀನನ್ನು ಕೊಳ್ಳುವ ಸಂಸ್ಥೆಯವರು, ಮೀನುಗಾರಿಕೆಯ ವಿದ್ಯಾರ್ಥಿಗಳು, ಈ ವಿಷಯದ ಬಗ್ಗೆ ಬರೆಯುವವರು ಯಾರೇ ಆಗಲಿ, "ಸುಸ್ಥಿರ ಮೇವು" ಎಂಬ ಮಾತು ಕೇಳಿದಾಗ ಅದನ್ನು ಹೇಗೆ ಬಿಡಿಸಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಮೇವಿನಲ್ಲಿ ಮೀನಿನ ಅಂಶ ಕಡಿಮೆಯಾಗಿದೆ ಎಂಬುದೊಂದನ್ನೇ ಸಾಧನೆಯೆಂದು ಒಪ್ಪಿಕೊಳ್ಳುವುದು ಬಹಳ ಕಾಲದಿಂದ ನಡೆದುಬಂದಿದೆ. ನನ್ನ ಅಭಿಪ್ರಾಯದಲ್ಲಿ ಅದು ಸಾಲದು. ಕಡಿಮೆಯಾದದ್ದರ ಜಾಗಕ್ಕೆ ಏನು ಬಂತು, ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ತೀರ್ಪು ಕೊಡಬಾರದು.

ಪದಾರ್ಥಗಳ ಪಟ್ಟಿಯಿಂದ ಆರಂಭಿಸಿ

ಮೇವಿನ ಕಂಪನಿಯಿಂದಾಗಲಿ ಸಾಕಣೆ ಕಂಪನಿಯ ವಾರ್ಷಿಕ ಸುಸ್ಥಿರತಾ ವರದಿಯಿಂದಾಗಲಿ, ಮೇವಿನಲ್ಲಿರುವ ಪದಾರ್ಥಗಳ ಶೇಕಡಾವಾರು ಪಟ್ಟಿಯನ್ನು ಮೊದಲು ಪಡೆಯಿರಿ. "ಸಸ್ಯಮೂಲ", "ಸಮುದ್ರಮೂಲ" ಎಂಬ ಎರಡೇ ಸಾಲಿನ ಪಟ್ಟಿಯಿಂದ ಪ್ರಯೋಜನವಿಲ್ಲ. ಮೀನುಹಿಟ್ಟು ಎಷ್ಟು, ಮೀನೆಣ್ಣೆ ಎಷ್ಟು, ಇವೆರಡರಲ್ಲಿ ಇಡೀ ಮೀನಿನಿಂದ ತೆಗೆದದ್ದು ಎಷ್ಟು, ತಲೆ, ಮೂಳೆ, ಕರುಳಿನಂಥ ಉಳಿಕೆಯಿಂದ ತೆಗೆದದ್ದು ಎಷ್ಟು, ಸೋಯಾ, ಗೋಧಿ, ರೇಪ್‌ಸೀಡ್ ಎಣ್ಣೆ ಇತ್ಯಾದಿ ಯಾವ ಯಾವ ಪ್ರಮಾಣದಲ್ಲಿವೆ ಎಂಬ ವಿವರ ಬೇಕು.

ಈ ಪಟ್ಟಿಯನ್ನು ಯಾವುದಕ್ಕೆ ಹೋಲಿಸಿ ನೋಡಬೇಕು ಎಂಬುದಕ್ಕೆ ಅತ್ಯಂತ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್ ಸಾಕುವ ನಾರ್ವೆಯ ಅಂಕಿಗಳು ನೆರವಾಗುತ್ತವೆ. 1990ರಲ್ಲಿ ಅಲ್ಲಿನ ಮೇವಿನ ಸುಮಾರು 90 ಶೇಕಡಾ ಸಮುದ್ರದಿಂದಲೇ ಬರುತ್ತಿತ್ತು. 2020ರ ಹೊತ್ತಿಗೆ ಮೀನುಹಿಟ್ಟು ಸುಮಾರು 12 ಶೇಕಡಾ, ಮೀನೆಣ್ಣೆ ಸುಮಾರು 10 ಶೇಕಡಾ ಮಟ್ಟಕ್ಕೆ ಇಳಿದವು. ಸಸ್ಯ ಪ್ರೋಟೀನ್ ಸುಮಾರು 40 ಶೇಕಡಾ, ಸಸ್ಯದ ಎಣ್ಣೆ ಸುಮಾರು 20 ಶೇಕಡಾ ಆದವು. ಸೋಯಾ ಪ್ರೋಟೀನ್ ಕಾನ್ಸೆಂಟ್ರೇಟ್, ಅಂದರೆ ಸಾಂದ್ರಗೊಳಿಸಿದ ಸೋಯಾ ಪ್ರೋಟೀನ್, ಒಂದೇ 21 ಶೇಕಡಾದಷ್ಟಿತ್ತು. ಆ ವರ್ಷ ಬಳಕೆಯಾದ ಪದಾರ್ಥಗಳ ಒಟ್ಟು ತೂಕ ಹತ್ತಿರ ಹತ್ತಿರ 20 ಲಕ್ಷ ಟನ್. ಮೂವತ್ತು ವರ್ಷಗಳಲ್ಲಿ ಮಾಂಸಾಹಾರಿ ಮೀನೊಂದರ ಊಟದ ಬಹುಪಾಲು ಹೊಲದ ಬೆಳೆಯಾಗಿ ಬದಲಾದ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಪರಿಶೀಲನೆಯನ್ನು ಸಮುದ್ರಕ್ಕೆ ಮಾತ್ರ ಸೀಮಿತಗೊಳಿಸುವುದು ಏಕೆ ತಪ್ಪು ಎಂಬುದು ತಾನಾಗಿ ತಿಳಿಯುತ್ತದೆ.

ಮೇವಿನ ಪಾಕ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಚಿಲಿ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕೋಳಿ ಸಂಸ್ಕರಣೆಯ ಉಳಿಕೆಯಿಂದ ಮಾಡಿದ ಹಿಟ್ಟನ್ನೂ ಗರಿಯ ಹಿಟ್ಟನ್ನೂ ಬಳಸುತ್ತಾರೆ. ಹಂದಿ ಮತ್ತು ಕೋಳಿಯ ಇಂಥ ಪ್ರೋಟೀನನ್ನು ಮೀನಿನ ಮೇವಿಗೆ ಬಳಸಲು ಯುರೋಪಿಯನ್ ಒಕ್ಕೂಟ 2013ರಲ್ಲಿಯೇ ಅನುಮತಿ ನೀಡಿದ್ದರೂ, ಗ್ರಾಹಕರ ಹಿಂಜರಿಕೆಯಿಂದಾಗಿ ನಾರ್ವೆ, ಸ್ಕಾಟ್ಲೆಂಡ್‌ಗಳ ಸಾಲ್ಮನ್ ಉದ್ಯಮ ಅದರಿಂದ ದೂರ ಉಳಿದಿದೆ. ಹೀಗಾಗಿ ಒಂದು ದೇಶದ ಸರಾಸರಿಯನ್ನು ಇನ್ನೊಂದು ದೇಶದ ಮೀನಿಗೆ ಅನ್ವಯಿಸಲು ಬಾರದು.

ಎಷ್ಟು ಕಾಡು ಮೀನು ಹೋಯಿತು ಎಂಬ ಲೆಕ್ಕವನ್ನು ನೀವೇ ಮಾಡಿ

ಒಂದು ಕಿಲೋ ಸಾಲ್ಮನ್ ಬೆಳೆಸಲು ಎಷ್ಟು ಕಿಲೋ ಕಾಡು ಮೀನು ಬೇಕಾಯಿತು ಎಂಬ ಪ್ರಶ್ನೆಗೆ ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ಉತ್ತರಗಳಿರುತ್ತವೆ. ಹಿಟ್ಟು ಮತ್ತು ಎಣ್ಣೆ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಎಣ್ಣೆಯನ್ನು ಬೇರೆಯಾಗಿ ಲೆಕ್ಕ ಹಾಕಿದರೆ ದೊಡ್ಡದಾಗುತ್ತದೆ. ಮೀನು ಸಾಕಣೆಗೆ ಪ್ರಮಾಣಪತ್ರದ ಮಾನದಂಡ ರೂಪಿಸುವ ಅಕ್ವಾಕಲ್ಚರ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಅಂದರೆ ಎಎಸ್‌ಸಿ, ತನ್ನ ಸಾಲ್ಮನ್ ಮಾನದಂಡದಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವ ವಿಧಾನವನ್ನು ಅಳವಡಿಸಿಕೊಂಡಿದೆ. ಅದನ್ನೇ ಅನುಸರಿಸುವುದು ಒಳ್ಳೆಯದು.

ಇದಕ್ಕೆ ಮೂರು ಸಂಖ್ಯೆಗಳು ಸಾಕು. ಮೊದಲನೆಯದು ಒಂದು ಕಿಲೋ ಮೀನು ಬೆಳೆಯಲು ಎಷ್ಟು ಕಿಲೋ ಮೇವು ಖರ್ಚಾಯಿತು ಎಂಬ ಪರಿವರ್ತನಾ ಅನುಪಾತ. ಸಾಲ್ಮನ್‌ನಲ್ಲಿ ಇದು ಸಾಮಾನ್ಯವಾಗಿ 1.2ರಿಂದ 1.3ರ ಆಸುಪಾಸಿನಲ್ಲಿರುತ್ತದೆ. ಎರಡನೆಯದು ಮೇವಿನಲ್ಲಿ ಇಡೀ ಮೀನಿನಿಂದ ಬಂದ ಹಿಟ್ಟು ಅಥವಾ ಎಣ್ಣೆಯ ಶೇಕಡಾವಾರು ಪ್ರಮಾಣ. ಮೂರನೆಯದು ಇಳುವರಿ: ನೂರು ಕಿಲೋ ಮೀನನ್ನು ಸಂಸ್ಕರಿಸಿದರೆ ಸುಮಾರು 24 ಕಿಲೋ ಹಿಟ್ಟು, ಸುಮಾರು 5 ಕಿಲೋ ಎಣ್ಣೆ ಸಿಗುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಉತ್ತರ ಅಟ್ಲಾಂಟಿಕ್ ಮೀನುಗಳಿಗೆ 7 ಕಿಲೋ ಎಂದು ಹಿಡಿಯುವುದುಂಟು. ಮೊದಲ ಎರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ.

ಉದಾಹರಣೆಗೆ, ಒಂದು ಮೇವಿನಲ್ಲಿ 12 ಶೇಕಡಾ ಮೀನುಹಿಟ್ಟು ಇದ್ದು ಅದರಲ್ಲಿ 3 ಶೇಕಡಾ ಉಳಿಕೆಯಿಂದ ಬಂದದ್ದು ಎಂದುಕೊಳ್ಳೋಣ. ಇಡೀ ಮೀನಿನಿಂದ ಬಂದ ಪಾಲು 9 ಶೇಕಡಾ. ಪರಿವರ್ತನಾ ಅನುಪಾತ 1.3 ಆದರೆ, 9ನ್ನು 1.3ರಿಂದ ಗುಣಿಸಿ 24ರಿಂದ ಭಾಗಿಸಿದಾಗ ಸುಮಾರು 0.49 ಬರುತ್ತದೆ. ಎಎಸ್‌ಸಿ ವಿಧಿಸಿರುವ 1.2ರ ಮಿತಿಗಿಂತ ಇದು ಬಹಳ ಕೆಳಗಿದೆ. ಈಗ ಎಣ್ಣೆಯನ್ನು ನೋಡಿ. 10 ಶೇಕಡಾ ಮೀನೆಣ್ಣೆಯಲ್ಲಿ 3 ಶೇಕಡಾ ಉಳಿಕೆಯದಾದರೆ, 7ನ್ನು 1.3ರಿಂದ ಗುಣಿಸಿ 5ರಿಂದ ಭಾಗಿಸಿದಾಗ 1.82 ಬರುತ್ತದೆ. ಉಳಿಕೆಯ ಎಣ್ಣೆ ಸಿಗದೆ ಪೂರ್ತಿ 10 ಶೇಕಡಾವೂ ಇಡೀ ಮೀನಿನಿಂದಲೇ ಬಂದರೆ ಉತ್ತರ 2.6 ಆಗಿ, 2.52ರ ಮಿತಿಯನ್ನು ದಾಟುತ್ತದೆ. ಸಾಲ್ಮನ್ ಮೇವಿನ ನಿಜವಾದ ಬಿಕ್ಕಟ್ಟು ಇರುವುದು ಹಿಟ್ಟಿನಲ್ಲಲ್ಲ, ಎಣ್ಣೆಯಲ್ಲಿ ಎಂಬುದು ಈ ಚಿಕ್ಕ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಯಾವುದೇ ಕಂಪನಿ ಹಿಟ್ಟಿನ ಅನುಪಾತವನ್ನು ಮಾತ್ರ ಎತ್ತಿ ಹೇಳಿದರೆ ಎಣ್ಣೆಯದನ್ನು ಕೇಳಿ ಪಡೆಯಿರಿ.

ಈ ಲೆಕ್ಕಕ್ಕೆ ಎರಡು ದೊಡ್ಡ ಮಿತಿಗಳಿವೆ. ಮೀನು ಯಾವ ಸಮುದ್ರದ್ದು, ಅಲ್ಲಿ ಅದರ ಸಂಖ್ಯೆ ಹೇಗಿದೆ, ಅದನ್ನು ಮನುಷ್ಯರೇ ನೇರವಾಗಿ ತಿನ್ನುತ್ತಿದ್ದರೇ ಎಂಬುದನ್ನು ಇದು ಹೇಳುವುದಿಲ್ಲ. ಎರಡನೆಯದಾಗಿ, ಉಳಿಕೆಯಿಂದ ಬಂದ ಹಿಟ್ಟು ಮತ್ತು ಎಣ್ಣೆಯನ್ನು ಲೆಕ್ಕದಿಂದ ಪೂರ್ತಿ ಬಿಟ್ಟುಬಿಡುವುದರಿಂದ, ಮಿತಿಮೀರಿ ಹಿಡಿದ ಮೀನಿನ ಉಳಿಕೆಯೂ ಇಲ್ಲಿ ಸೊನ್ನೆಯಾಗಿಯೇ ಕಾಣುತ್ತದೆ. ಜಗತ್ತಿನ ಮೀನುಹಿಟ್ಟಿನಲ್ಲಿ ಸುಮಾರು ಮೂರನೇ ಒಂದು ಭಾಗ, ಮೀನೆಣ್ಣೆಯಲ್ಲಿ ಅರ್ಧದಷ್ಟು ಈಗ ಉಳಿಕೆಯಿಂದ ಬರುತ್ತಿರುವಾಗ, ಈ ಎರಡನೆಯ ಮಿತಿಯನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಉಳಿಕೆಯ ಬಳಕೆ ಸ್ವಾಗತಾರ್ಹವೇ. ಆದರೆ ಅದರ ಮೂಲವನ್ನೂ ಕೇಳಬೇಕು.

ಮೀನು ಬಂದ ಸಮುದ್ರವನ್ನು ಗುರುತಿಸಿ

ಪರಿಶೀಲನೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಪ್ರತಿಯೊಂದು ಮೀನುಹಿಟ್ಟಿಗೂ ಎಣ್ಣೆಗೂ ಜಾತಿ, ಹಿಡಿದ ಪ್ರದೇಶ, ಆ ಮೀನುಗಾರಿಕೆಯ ನಿರ್ವಹಣೆ ಎಂಬ ಮೂರು ಮಾಹಿತಿಗಳನ್ನು ಕೇಳಿ. ಉತ್ತರ ಸಿಗದಿದ್ದರೆ ಆ ಅಂಶವನ್ನೇ ದಾಖಲಿಸಿಕೊಳ್ಳಿ, ಏಕೆಂದರೆ ಮೂಲ ಗೊತ್ತಿಲ್ಲದ ಪದಾರ್ಥವನ್ನು ಸುಸ್ಥಿರವೆಂದು ಕರೆಯಲು ಯಾವ ಆಧಾರವೂ ಇರುವುದಿಲ್ಲ.

ಪೆರು ದೇಶದ ಆಂಚೊವೆಟಾ ಮೀನುಗಾರಿಕೆ ಮೀನುಹಿಟ್ಟಿನ ಅತಿದೊಡ್ಡ ಮೂಲ. 1970ರ ದಶಕದ ಆರಂಭದಲ್ಲಿ ಮಿತಿಮೀರಿದ ಹಿಡಿತ ಮತ್ತು ಎಲ್ ನಿನೊ ಎರಡೂ ಸೇರಿ ಅದು ಕುಸಿದುಬಿದ್ದಿತ್ತು. ಇಂದು ಅಲ್ಲಿ ಸಮೀಕ್ಷೆ ನಡೆಸಿ ಋತುವಿಗೊಂದು ಕೋಟಾ ನಿಗದಿಪಡಿಸುತ್ತಾರೆ. 2023ರಲ್ಲಿ ಎಲ್ ನಿನೊ ಪರಿಣಾಮವಾಗಿ ಸಮುದ್ರ ಬಿಸಿಯಾಗಿ, ಮರಿ ಮೀನುಗಳ ಪ್ರಮಾಣ ಹೆಚ್ಚಿದ್ದುದು ಕಂಡುಬಂದಾಗ, ಉತ್ತರ ಮತ್ತು ಮಧ್ಯ ಭಾಗದ ಮೊದಲ ಋತುವನ್ನೇ ರದ್ದುಪಡಿಸಲಾಯಿತು. ಜಗತ್ತಿನಾದ್ಯಂತ ಮೀನುಹಿಟ್ಟು ಮತ್ತು ಎಣ್ಣೆಯ ಬೆಲೆ ಏರಿತು. ಮೇವಿನ ಉದ್ಯಮಕ್ಕೆ ನಷ್ಟವಾದರೂ ಮೀನಿನ ಸಂತತಿಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೆಂದೇ ಹೇಳಬೇಕು. ಹೀಗೆ ನಿಲ್ಲಿಸಬೇಕಾದಾಗ ನಿಲ್ಲಿಸುವ ಶಕ್ತಿ ಆ ಆಡಳಿತಕ್ಕಿದೆಯೇ ಎಂಬುದು ನೀವು ಯಾವ ಮೀನುಗಾರಿಕೆಯ ಬಗ್ಗೆಯೂ ಕೇಳಬೇಕಾದ ಪ್ರಶ್ನೆ.

ಈಶಾನ್ಯ ಅಟ್ಲಾಂಟಿಕ್‌ನ ಬ್ಲೂ ವೈಟಿಂಗ್ ಎಂಬ ಮೀನು ಬೇರೆ ಬಗೆಯ ಉದಾಹರಣೆ. ವಿಜ್ಞಾನಿಗಳು ಪ್ರತಿವರ್ಷ ಎಷ್ಟು ಹಿಡಿಯಬಹುದೆಂದು ಸಲಹೆ ನೀಡುತ್ತಾರೆ. ಕರಾವಳಿ ದೇಶಗಳು ಒಟ್ಟು ಮಿತಿಯನ್ನು ಒಪ್ಪಿಕೊಂಡರೂ ಯಾರ ಪಾಲು ಎಷ್ಟು ಎಂಬುದರಲ್ಲಿ ಒಮ್ಮತಕ್ಕೆ ಬರಲಿಲ್ಲ. ಪ್ರತಿಯೊಂದು ದೇಶವೂ ತನ್ನ ಪಾಲನ್ನು ತಾನೇ ನಿಗದಿಪಡಿಸಿಕೊಂಡಿದ್ದರಿಂದ ಒಟ್ಟು ಹಿಡಿತ ಸಲಹೆಯನ್ನು ಮೀರಿತು. ಈ ಮೀನುಗಾರಿಕೆ ಸುಸ್ಥಿರವೆಂದು ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ನೀಡಿದ್ದ ಪ್ರಮಾಣಪತ್ರ 2020ರ ಕೊನೆಯಲ್ಲಿ ಅಮಾನತಾಯಿತು. ಇಲ್ಲಿ ಕೊರತೆ ಇದ್ದುದು ವಿಜ್ಞಾನದಲ್ಲಲ್ಲ, ರಾಜಕೀಯ ಒಪ್ಪಂದದಲ್ಲಿ. ಸಾಲ್ಮನ್ ಸಾಕುವ ನಾರ್ವೆ ಮತ್ತು ಫೆರೋ ದ್ವೀಪಗಳು ಈ ಮೀನನ್ನು ಹಿಡಿಯುವ ದೇಶಗಳೂ ಹೌದು ಎಂಬುದನ್ನು ಗಮನಿಸಿ.

ಪಶ್ಚಿಮ ಆಫ್ರಿಕಾದ ಮೌರಿಟಾನಿಯಾ, ಸೆನೆಗಲ್, ಗ್ಯಾಂಬಿಯಾ ಕರಾವಳಿಯ ಹಿಟ್ಟಿನ ಕಾರ್ಖಾನೆಗಳ ವಿಷಯದಲ್ಲಿ ನನ್ನ ನಿಲುವು ಕಠಿಣವಾಗಿದೆ. ಅಲ್ಲಿ ಹಿಟ್ಟಾಗುವ ಸಾರ್ಡಿನೆಲ್ಲಾ ಆ ಭಾಗದ ಬಡ ಕುಟುಂಬಗಳ ದಿನನಿತ್ಯದ ಪ್ರೋಟೀನ್. ಅದನ್ನು ಒಣಗಿಸಿ, ಹೊಗೆಯಾಡಿಸಿ ಮಾರುವುದು ಸಾವಿರಾರು ಮಹಿಳೆಯರ ಜೀವನೋಪಾಯ. ಅಲ್ಲಿನ ರೌಂಡ್ ಸಾರ್ಡಿನೆಲ್ಲಾ ಮಿತಿಮೀರಿ ಹಿಡಿಯಲ್ಪಟ್ಟಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹೇಳಿದೆ. ಜನ ತಿನ್ನುವ ಮೀನನ್ನು ಹಿಟ್ಟು ಮಾಡಿ, ಆ ಹಿಟ್ಟಿನಿಂದ ಶ್ರೀಮಂತ ಮಾರುಕಟ್ಟೆಯ ಮೀನನ್ನು ಬೆಳೆಸುವುದನ್ನು ಯಾವ ಅನುಪಾತವೂ ಸಮರ್ಥಿಸಲಾರದು. ಈ ಪ್ರದೇಶದ ಹಿಟ್ಟು ಅಥವಾ ಎಣ್ಣೆ ಪಟ್ಟಿಯಲ್ಲಿದ್ದರೆ ಅದನ್ನು ನಿಲ್ಲಿಸಲು ದಿನಾಂಕ ಸಹಿತ ಯೋಜನೆ ಇದೆಯೇ ಎಂದು ಕೇಳಿ.

ಸೀಗಡಿಯಂಥ ಸಣ್ಣ ಜೀವಿಯಾದ ಅಂಟಾರ್ಕ್ಟಿಕ್ ಕ್ರಿಲ್‌ನ ಹಿಟ್ಟು ಮೇವಿನಲ್ಲಿ ಸಣ್ಣ ಪ್ರಮಾಣದಲ್ಲಿರುತ್ತದೆ, ಆದರೆ ಅದನ್ನು ಬಿಟ್ಟುಬಿಡಬೇಡಿ. ದಕ್ಷಿಣ ಅಟ್ಲಾಂಟಿಕ್ ಭಾಗದಲ್ಲಿ ವರ್ಷಕ್ಕೆ 6,20,000 ಟನ್‌ಗಳ ಮಿತಿ ಇದೆ. ಕ್ರಿಲ್ ಒಟ್ಟು ರಾಶಿಗೆ ಹೋಲಿಸಿದರೆ ಈ ಮಿತಿ ಚಿಕ್ಕದು. ಆದರೂ ಹಡಗುಗಳು ಪೆಂಗ್ವಿನ್, ಸೀಲ್, ತಿಮಿಂಗಿಲಗಳು ಮೇಯುವ ಜಾಗದಲ್ಲಿಯೇ ಒತ್ತೊತ್ತಾಗಿ ಹಿಡಿಯುತ್ತವೆ ಎಂಬುದು ಮುಖ್ಯ ಆಕ್ಷೇಪ. ಹಿಡಿತವನ್ನು ಉಪಪ್ರದೇಶಗಳಿಗೆ ಹಂಚುತ್ತಿದ್ದ ನಿಯಮವನ್ನು 2024ರಲ್ಲಿ ಅಂಟಾರ್ಕ್ಟಿಕ್ ಸಮುದ್ರಜೀವಿಗಳ ಸಂರಕ್ಷಣಾ ಆಯೋಗದ ಸದಸ್ಯ ದೇಶಗಳು ನವೀಕರಿಸಲಿಲ್ಲ. 2025ರಲ್ಲಿ ಮಿತಿ ಮೊದಲ ಬಾರಿಗೆ ಪೂರ್ತಿಯಾಗಿ ಮುಟ್ಟಿ, ಆ ಋತುವಿನ ಮೀನುಗಾರಿಕೆ ಅವಧಿಗೆ ಮುನ್ನವೇ ಮುಚ್ಚಿತು.

ಸೋಯಾ: ನೆಲದ ಲೆಕ್ಕ

ಸಾಲ್ಮನ್‌ಗೆ ಸಾಮಾನ್ಯ ಸೋಯಾ ಹಿಂಡಿಯನ್ನು ಹೆಚ್ಚು ಹಾಕಿದರೆ ಅದರಲ್ಲಿನ ಸಪೋನಿನ್‌ನಂಥ ಅಂಶಗಳಿಂದ ಕರುಳಿನ ಉರಿಯೂತ ಉಂಟಾಗುತ್ತದೆ. ಆ ಅಂಶಗಳನ್ನು ತೆಗೆದು ಪ್ರೋಟೀನನ್ನು ಸಾಂದ್ರಗೊಳಿಸಿದ ಕಾನ್ಸೆಂಟ್ರೇಟ್ ಅನ್ನು ಬಳಸುವುದು ಇದಕ್ಕಾಗಿಯೇ. ಅದರ ಸಂಸ್ಕರಣೆಗೆ ಹೆಚ್ಚುವರಿ ಶಕ್ತಿಯೂ ಬೇಕು. ಯುರೋಪಿನ ಸಾಲ್ಮನ್ ಮೇವಿಗೆ ಇದು ಬಹುಪಾಲು ಬ್ರೆಜಿಲ್‌ನಿಂದ ಬಂದಿದೆ. ಆದ್ದರಿಂದ ಅರಣ್ಯನಾಶದ ಪ್ರಶ್ನೆ ಮೇವಿನ ಚೀಲದೊಳಗೇ ಇದೆ.

ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಅಂತಿಮ ದಿನಾಂಕದ್ದು, ಅಂದರೆ ಯಾವ ದಿನಾಂಕದ ನಂತರ ಕಾಡು ಕಡಿದ ಹೊಲದ ಸೋಯಾವನ್ನು ಕೊಳ್ಳುವುದಿಲ್ಲ ಎಂಬುದು. ಅಮೆಜಾನ್ ಸೋಯಾ ಒಪ್ಪಂದದಲ್ಲಿ ಇದು 2008ರ ಜುಲೈ ಆಗಿತ್ತು. ಆ ಒಪ್ಪಂದ ಅಮೆಜಾನ್‌ಗೆ ಮಾತ್ರ ಸಂಬಂಧಿಸಿದ್ದು, ಸೆರಾಡೊ ಎಂಬ ವಿಶಾಲ ಹುಲ್ಲುಗಾವಲು ಕಾಡಿಗೆ ಅನ್ವಯಿಸುತ್ತಿರಲಿಲ್ಲ. ಯುರೋಪಿನ ಸಾಲ್ಮನ್ ಉದ್ಯಮಕ್ಕೆ ಸೋಯಾ ಪೂರೈಸುವ ಬ್ರೆಜಿಲ್ ಕಂಪನಿಗಳು 2021ರಲ್ಲಿ, 2020ರ ಆಗಸ್ಟ್ ನಂತರ ಕಾಡು ಕಡಿದ ನೆಲದ ಸೋಯಾವನ್ನು ತಾವು ಯಾರಿಗಾಗಿಯೂ ಕೊಳ್ಳುವುದಿಲ್ಲವೆಂದು ಘೋಷಿಸಿದವು. "ಯಾರಿಗಾಗಿಯೂ" ಎಂಬುದೇ ಇಲ್ಲಿ ಮಹತ್ವದ್ದು. ಸಾಲ್ಮನ್ ಉದ್ಯಮಕ್ಕೆ ಶುದ್ಧ ಸೋಯಾ ಕೊಟ್ಟು ಉಳಿದದ್ದನ್ನು ಬೇರೆ ಗ್ರಾಹಕರಿಗೆ ಮಾರುವ ಕಂಪನಿಯಿಂದ ಕಾಡು ಉಳಿಯುವುದಿಲ್ಲ. ಪೂರೈಕೆದಾರರ ಇಡೀ ವ್ಯಾಪಾರಕ್ಕೆ ಬದ್ಧತೆ ಅನ್ವಯಿಸುತ್ತದೆಯೇ, ಆ ಬದ್ಧತೆ ಇಂದಿಗೂ ಜಾರಿಯಲ್ಲಿದೆಯೇ ಎಂದು ಕೇಳಿ ತಿಳಿಯಿರಿ.

ಇಂಗಾಲದ ಅಂಕಿಗಳನ್ನು ಓದುವ ಬಗೆ

ಒಂದು ಕಿಲೋ ಮೇವಿಗೆ ಇಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಎಂಬ ಅಂಕಿ ಕೊಟ್ಟಾಗ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಿ. ನೆಲದ ಬಳಕೆ ಬದಲಾದದ್ದರಿಂದ, ಅಂದರೆ ಕಾಡು ಹೊಲವಾದದ್ದರಿಂದ ಹೊರಬಿದ್ದ ಇಂಗಾಲವನ್ನು ಸೇರಿಸಿದ್ದಾರೆಯೇ ಎಂಬುದು ಮೊದಲನೆಯದು. ಸೇರಿಸಿದರೆ ಬ್ರೆಜಿಲ್ ಸೋಯಾದ ಅಂಕಿ ಹಲವು ಪಟ್ಟು ಏರಬಹುದು. ಉಳಿಕೆಯ ಪದಾರ್ಥಗಳಿಗೆ ಹೊರೆಯನ್ನು ಹಂಚಿದ ವಿಧಾನ ಯಾವುದು ಎಂಬುದು ಎರಡನೆಯದು. ಮೀನಿನ ತಲೆ ಮತ್ತು ಮೂಳೆಗೆ ಬೆಲೆಯ ಆಧಾರದಲ್ಲಿ ಹೊರೆ ಹಂಚಿದರೆ ಪಾಲು ಸಣ್ಣದು, ತೂಕದ ಆಧಾರದಲ್ಲಿ ಹಂಚಿದರೆ ದೊಡ್ಡದು. ಒಂದೇ ಮೇವು ಈ ಎರಡು ಲೆಕ್ಕಗಳಲ್ಲಿ ಎರಡು ಬೇರೆ ಮೇವುಗಳಂತೆ ಕಾಣುತ್ತದೆ. ವಿಧಾನ ತಿಳಿಸದ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಲಿಸಬೇಡಿ.

ಹೊಸ ಪದಾರ್ಥಗಳ ಘೋಷಣೆಗಳು

ಕಪ್ಪು ಸೈನಿಕ ನೊಣದ ಮರಿಹುಳುಗಳಿಂದ ಮಾಡಿದ ಹಿಟ್ಟು, ಅನಿಲ ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಪ್ರೋಟೀನ್, ಸೂಕ್ಷ್ಮಪಾಚಿಯ ಎಣ್ಣೆ ಇವುಗಳ ಬಗ್ಗೆ ಆಶಾದಾಯಕ ಮಾತುಗಳು ಬಹಳಷ್ಟಿವೆ. ಕೀಟದ ಪ್ರೋಟೀನನ್ನು ಮೀನಿನ ಮೇವಿನಲ್ಲಿ ಬಳಸಲು ಯುರೋಪಿಯನ್ ಒಕ್ಕೂಟ 2017ರಲ್ಲಿ ಅನುಮತಿ ಕೊಟ್ಟಿತು. ಆದರೂ 2020ರಲ್ಲಿ ನಾರ್ವೆಯ ಮೇವಿನಲ್ಲಿ ಇಂಥ ಎಲ್ಲ ಹೊಸ ಪದಾರ್ಥಗಳ ಒಟ್ಟು ಪಾಲು 0.4 ಶೇಕಡಾ ಮಾತ್ರ. ಹೀಗಾಗಿ ಪ್ರಾಯೋಗಿಕ ಬಳಕೆಯ ಸುದ್ದಿಗಿಂತ ವರ್ಷದ ಒಟ್ಟು ಮೇವಿನಲ್ಲಿ ಅದರ ಟನ್ ಎಷ್ಟು ಎಂಬುದನ್ನು ಕೇಳಬೇಕು. ಹುಳುಗಳಿಗೆ ಏನು ತಿನ್ನಿಸಿದರು ಎಂಬುದೂ ಮುಖ್ಯ: ನೇರವಾಗಿ ಮೇವಿಗೇ ಬಳಸಬಹುದಾದ ಧಾನ್ಯವನ್ನು ಹುಳುವಿಗೆ ಕೊಟ್ಟರೆ ಲಾಭ ಬಹುಮಟ್ಟಿಗೆ ಕರಗುತ್ತದೆ.

ಇವುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಪಾಚಿಯ ಎಣ್ಣೆಯ ಬಗ್ಗೆ. ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ ಮತ್ತು ಡಿಎಚ್‌ಎ ಸಮುದ್ರದಲ್ಲಿ ಮೂಲತಃ ತಯಾರಾಗುವುದು ಸೂಕ್ಷ್ಮಜೀವಿಗಳಲ್ಲಿಯೇ. ಮೀನು ಅವನ್ನು ತಿಂದು ಶೇಖರಿಸಿಕೊಳ್ಳುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ 2019ರಲ್ಲಿ ಆರಂಭವಾದ ವೆರಾಮಾರಿಸ್ ಘಟಕ ಹುದುಗುವಿಕೆಯ ಮೂಲಕ ಈ ಎರಡನ್ನೂ ಹೊಂದಿದ ಎಣ್ಣೆಯನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸುತ್ತಿದೆ. ಎಣ್ಣೆಯೇ ಬಿಕ್ಕಟ್ಟಿನ ಕೇಂದ್ರವಾಗಿರುವಾಗ ಇಂಥ ಬದಲಿಗೆ ಹೆಚ್ಚು ಅಂಕ ಕೊಡುವುದು ನ್ಯಾಯ. ಎಣ್ಣೆಯನ್ನು ಸುಮ್ಮನೆ ಕಡಿತಗೊಳಿಸಿದರೆ ಏನಾಗುತ್ತದೆ ಎಂಬುದು ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುತ್ತದೆ: ಸ್ಕಾಟ್ಲೆಂಡ್‌ನ ಸಾಕಿದ ಸಾಲ್ಮನ್‌ನಲ್ಲಿ ಇಪಿಎ ಮತ್ತು ಡಿಎಚ್‌ಎ ಪ್ರಮಾಣ 2006ರಿಂದ 2015ರ ನಡುವೆ ಅರ್ಧಕ್ಕಿಳಿದಿತ್ತು. ಮೇವಿನ ಎಣ್ಣೆಯ ಜೊತೆಗೆ ಮೀನಿನ ಮಾಂಸದಲ್ಲಿರುವ ಈ ಆಮ್ಲಗಳ ಅಳತೆಯನ್ನೂ ಕೇಳುವುದು ಒಳ್ಳೆಯದು.

ಸತ್ತ ಮೀನು ತಿಂದ ಮೇವು

ಅತ್ಯುತ್ತಮ ಮೂಲದ ಮೇವೂ ಕಟಾವಿಗೆ ಮುನ್ನ ಸಾಯುವ ಮೀನಿನ ಹೊಟ್ಟೆ ಸೇರಿದರೆ ವ್ಯರ್ಥ. ನಾರ್ವೆಯಲ್ಲಿ 2023ರಲ್ಲಿ ಸಮುದ್ರ ಹಂತದಲ್ಲಿ ಸತ್ತ ಸಾಲ್ಮನ್‌ಗಳ ಪ್ರಮಾಣ 16.7 ಶೇಕಡಾ, ಸಂಖ್ಯೆಯಲ್ಲಿ 6 ಕೋಟಿಗೂ ಹೆಚ್ಚು. ಪರಿವರ್ತನಾ ಅನುಪಾತದಲ್ಲಿ ಎರಡು ಬಗೆಗಳಿರುವುದರಿಂದ ಯಾವುದನ್ನು ಕೊಟ್ಟಿದ್ದಾರೆಂದು ನೋಡಿ. ಜೈವಿಕ ಅನುಪಾತ ಸತ್ತ ಮೀನಿನ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆರ್ಥಿಕ ಅನುಪಾತ ಕಟಾವಾದ ಮೀನನ್ನು ಮಾತ್ರ ಹಿಡಿಯುತ್ತದೆ. ಸುಸ್ಥಿರತೆಯ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು. ಮೇಲಿನ ಉದಾಹರಣೆಯಲ್ಲಿ 1.3ರ ಬದಲು 1.5 ಹಾಕಿ ನೋಡಿದರೆ ಎಣ್ಣೆಯ ಅನುಪಾತ 1.82ರಿಂದ 2.1ಕ್ಕೆ ಏರುತ್ತದೆ, ಮೇವಿನ ಪಾಕದಲ್ಲಿ ಒಂದು ಕಣವೂ ಬದಲಾಗದೆ.

ಪ್ರಮಾಣಪತ್ರಗಳಿಗೆ ಎಷ್ಟು ಬೆಲೆ ಕೊಡಬೇಕು

ಮೀನುಹಿಟ್ಟಿನ ಕಾರ್ಖಾನೆಗಳಿಗೆ ಮರಿನ್‌ಟ್ರಸ್ಟ್, ಮೀನುಗಾರಿಕೆಗಳಿಗೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಸೋಯಾಕ್ಕೆ ಪ್ರೊಟೆರಾ ಇತ್ಯಾದಿ ಪ್ರಮಾಣಪತ್ರಗಳಿವೆ. ಮೇವಿನ ಕಾರ್ಖಾನೆಗಳಿಗೆಂದೇ ಎಎಸ್‌ಸಿ 2021ರಲ್ಲಿ ಪ್ರಕಟಿಸಿ 2023ರಿಂದ ಜಾರಿಗೆ ತಂದ ಮಾನದಂಡ ಸಮುದ್ರದ ಪದಾರ್ಥಗಳ ಜೊತೆಗೆ ಬೆಳೆಗಳನ್ನೂ ಕಾರ್ಮಿಕರ ಹಕ್ಕುಗಳನ್ನೂ ಒಳಗೊಳ್ಳುತ್ತದೆ. ಇವನ್ನು ಆರಂಭದ ಆಧಾರವಾಗಿ ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಹಲವು ವ್ಯವಸ್ಥೆಗಳು ಮಾಸ್ ಬ್ಯಾಲೆನ್ಸ್ ವಿಧಾನವನ್ನು ಒಪ್ಪುತ್ತವೆ: ಕಾರ್ಖಾನೆ ಕೊಂಡ ಪ್ರಮಾಣೀಕೃತ ಪದಾರ್ಥದ ಪ್ರಮಾಣಕ್ಕೆ ಸರಿಯಾಗಿ ಅಷ್ಟೇ ಮೇವನ್ನು ಪ್ರಮಾಣೀಕೃತವೆಂದು ಮಾರಬಹುದು, ಆದರೆ ಗೋದಾಮಿನಲ್ಲಿ ಎಲ್ಲವೂ ಬೆರೆತಿರುತ್ತದೆ. ಇದರಿಂದ ಒಳ್ಳೆಯ ಮೂಲಗಳಿಗೆ ಬೇಡಿಕೆ ಹೆಚ್ಚುತ್ತದೆ ಎಂಬುದು ನಿಜ. ಆದರೆ ನಿಮ್ಮ ಕೈಗೆ ಬಂದ ಮೀನು ಆ ಒಳ್ಳೆಯ ಮೂಲದ ಮೇವನ್ನೇ ತಿಂದಿದೆ ಎಂದು ಹೇಳಲಾಗುವುದಿಲ್ಲ. ಪ್ರಮಾಣಪತ್ರದ ಜೊತೆ ಯಾವ ವಿಧಾನವೆಂಬುದನ್ನೂ ಬರೆದುಕೊಳ್ಳಿ.

ಈ ಪರಿಶೀಲನೆಯನ್ನು ವರ್ಷಕ್ಕೊಮ್ಮೆಯಾದರೂ ಪುನಃ ಮಾಡಬೇಕಾಗುತ್ತದೆ, ಏಕೆಂದರೆ ಮೇವಿನ ಕಂಪನಿಗಳು ಪೋಷಕಾಂಶದ ಗುರಿಯನ್ನು ಸ್ಥಿರವಾಗಿಟ್ಟುಕೊಂಡು ಪದಾರ್ಥಗಳನ್ನು ಬೆಲೆ ಮತ್ತು ಲಭ್ಯತೆಗೆ ತಕ್ಕಂತೆ ಬದಲಿಸುತ್ತಿರುತ್ತವೆ. ಪೆರುವಿನಲ್ಲಿ ಒಂದು ಋತು ರದ್ದಾದರೆ ಎಣ್ಣೆಯ ಮೂಲ ಬದಲಾಗಬಹುದು, ಸೋಯಾ ಬೆಲೆ ಏರಿದರೆ ಗೋಧಿಯ ಗ್ಲುಟೆನ್ ಹೆಚ್ಚಾಗಬಹುದು. ಕಳೆದ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಡಿಮೆಯಾದ ಪ್ರತಿಯೊಂದು ಪದಾರ್ಥದ ಎದುರು ಅದರ ಜಾಗಕ್ಕೆ ಬಂದದ್ದರ ಹೆಸರು, ಮೂಲದ ಪ್ರದೇಶ, ಅಂತಿಮ ದಿನಾಂಕ ಅಥವಾ ಮೀನುಗಾರಿಕೆಯ ಸ್ಥಿತಿಯನ್ನು ತುಂಬಿರಿ. ನಾರ್ವೆ ಸರ್ಕಾರ 2034ರೊಳಗೆ ಸಾಕು ಮೀನು ಮತ್ತು ಜಾನುವಾರುಗಳ ಎಲ್ಲ ಮೇವೂ ಸುಸ್ಥಿರ ಮೂಲಗಳಿಂದಲೇ ಬರಬೇಕೆಂಬ ಗುರಿ ಇಟ್ಟುಕೊಂಡಿದೆ. ಆ ಗುರಿಯತ್ತ ಯಾವ ಕಂಪನಿ ಎಷ್ಟು ಸಾಗಿದೆ ಎಂಬುದನ್ನು ಇಂಥ ವರ್ಷವಾರು ಪಟ್ಟಿಗಳಿಂದಲೇ ಅಳೆಯಬಹುದು.